ಮಂಡಿ ನೋವು: ಯಾರ ಹತ್ತಿರ ಹೋಗೋದು, ಯಾವುದಕ್ಕೆ ದುಡ್ಡು ಹಾಕೋದು

ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ ಎಲ್ಲರಿಗೂ ಉಸಿರಿನದೇ ಚಿಂತೆ. ಮಂಡಿಯ ನೆನಪಾಗುವುದು ಇಳಿಯುವಾಗ. ಎರಡು ವರ್ಷದ ಹಿಂದೆ ಒಂದು ಭಾನುವಾರ ಮೇಲಿಂದ ಇಳಿದು ದೊಡ್ಡ ನಂದಿಯ ಹತ್ತಿರ ಬರುವಷ್ಟರಲ್ಲಿ ನನ್ನ ಬಲ ಮಂಡಿಚಿಪ್ಪಿನ ಹಿಂದೆ ಹುಣಸೆಬೀಜ ಸಿಕ್ಕಿಕೊಂಡು ಉಜ್ಜಿದ ಹಾಗಾಯಿತು. ಕೂತೆ, ನೀರು ಕುಡಿದೆ, ಸರಿಹೋಯಿತು ಅಂದುಕೊಂಡೆ. ಬೆಟ್ಟದ ಪಾದಕ್ಕೆ ಬಂದು ಬೈಕ್ ಕಿಕ್ ಹೊಡೆಯಲು ಹೋದರೆ ಕಾಲು ಮಡಿಸಲೇ ಆಗಲಿಲ್ಲ.

ತಪ್ಪು ಬೆಟ್ಟದ್ದಲ್ಲ. ದಸರಾ ಹೊತ್ತಿಗೆ 21 ಕಿ.ಮೀ. ಓಡಿಬಿಡಬೇಕು ಅನ್ನುವ ಹುಮ್ಮಸ್ಸಿನಲ್ಲಿ ವಾರಕ್ಕೆ 15 ಕಿ.ಮೀ. ಇದ್ದ ಓಟವನ್ನು ಮೂರೇ ವಾರದಲ್ಲಿ 35ಕ್ಕೆ ತಂದಿದ್ದೆ. ಸಾಲದ್ದಕ್ಕೆ ಭಾನುವಾರ ಮೆಟ್ಟಿಲು. ನಲವತ್ತಾರು ವರ್ಷದ ಮಂಡಿಗೆ ಮುನ್ಸೂಚನೆ ಕೊಡದೆ ಕೆಲಸ ಹೇರಿದರೆ ಅದು ಧರಣಿ ಕೂರದೆ ಇನ್ನೇನು ಮಾಡುತ್ತದೆ.

ಆಮೇಲಿನ ಐದು ತಿಂಗಳು ಮೈಸೂರಿನಲ್ಲಿ ಮಂಡಿಗೆ ಅಂತ ಏನೇನು ಸಿಗುತ್ತದೋ ಎಲ್ಲದರ ರುಚಿ ನೋಡಿದೆ. ಮೂಳೆ ಡಾಕ್ಟರು, ಫಿಸಿಯೋ, ಎಣ್ಣೆ, ಮಾತ್ರೆ, ಸ್ಕ್ಯಾನಿಂಗ್, ನೀ ಕ್ಯಾಪ್, ದುಬಾರಿ ಶೂ. ಅದೇ ವರ್ಷ ಮಂಡ್ಯದಲ್ಲಿ ಅಕ್ಕನ ಮಗ ಕಬಡ್ಡಿ ಆಡುತ್ತಾ ಮಂಡಿ ತಿರುಚಿಕೊಂಡ. ಅದು ಮುಗಿಯುವ ಮೊದಲೇ ನಮ್ಮ ಸೋದರತ್ತೆ, 61 ವರ್ಷ, ದಿನಾ ಕುಕ್ಕರಹಳ್ಳಿ ಕೆರೆ ಏರಿ ಸುತ್ತುವವರು, ಫೋನ್ ಮಾಡಿ, ‘ನನ್ನ ಮಂಡೀಲಿ ಗ್ರೀಸ್ ಖಾಲಿ ಆಗಿದ್ಯಂತೆ ಕಣೋ’ ಅಂದರು. ಮನೆಯಲ್ಲಿ ಮೂರು ಮಂಡಿ, ಮೂರು ಬೇರೆ ಕಾಯಿಲೆ. ಮೂವರಿಗೂ ನೆಂಟರು ಕೊಟ್ಟ ಸಲಹೆ ಮಾತ್ರ ಒಂದೇ.

ನಾನು ವೈದ್ಯನಲ್ಲ. ಆದರೆ ಒಂದನ್ನು ಇನ್ನೊಂದರ ಪಕ್ಕ ಇಟ್ಟು ನೋಡುವಷ್ಟು ದುಡ್ಡನ್ನೂ ಸಮಯವನ್ನೂ ಖರ್ಚು ಮಾಡಿದ್ದೇನೆ. ಡಾಕ್ಟರನ್ನು ಕೇಳಿ ಕೇಳಿ ತಲೆ ತಿಂದಿದ್ದೇನೆ, ಸಿಕ್ಕ ಅಧ್ಯಯನಗಳನ್ನೂ ಓದಿದ್ದೇನೆ. ಅದರ ಲೆಕ್ಕ ಇದು.

ಮೊದಲು ಬೆರಳಿಟ್ಟು ತೋರಿಸಿ

‘ಮಂಡಿ ನೋವು’ ಅನ್ನುವುದು ‘ಹೊಟ್ಟೆನೋವು’ ಅಂದ ಹಾಗೆ. ಎಲ್ಲಿ, ಯಾವಾಗ ಅನ್ನುವುದು ಗೊತ್ತಾಗದೆ ಔಷಧ ಆರಿಸುವ ಹಾಗಿಲ್ಲ.

ನನ್ನದು ಮುಂಭಾಗದ್ದು. ಇದನ್ನು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಅಂಗೈಯಿಂದ ಇಡೀ ಚಿಪ್ಪನ್ನು ಮುಚ್ಚಿ ‘ಇಲ್ಲೆಲ್ಲೋ ಒಳಗೆ’ ಅನ್ನುತ್ತೇವೆ. ಮೆಟ್ಟಿಲು ಇಳಿಯುವಾಗ, ಕುಕ್ಕರುಗಾಲಲ್ಲಿ ಕೂತಾಗ ಜಾಸ್ತಿ. ಬೆಂಗಳೂರು ಬಸ್ಸಿನಲ್ಲಿ ಕಾಲು ಮಡಚಿ ಮೂರು ಗಂಟೆ ಕೂತು ಏಳುವಾಗಲೂ ಜಾಸ್ತಿ. ಓಟಗಾರರಲ್ಲಿ ತೀರಾ ಸಾಮಾನ್ಯವಾದ ನೋವು ಇದೇ, ಹೆಸರೇ ‘ರನ್ನರ್ಸ್ ನೀ’. ಚೀಟಿಯಲ್ಲಿ ‘ಪಟೆಲ್ಲೋಫೆಮೊರಲ್ ಪೇನ್’ ಅಂತ ಬರೆದಿದ್ದರೆ ಗಾಬರಿ ಬೇಡ, ಚಿಪ್ಪಿಗೂ ತೊಡೆಮೂಳೆಗೂ ನಡುವೆ ನೋವು ಅಂತ ಅಷ್ಟೇ ಅರ್ಥ. ಏನೂ ಹರಿದಿರಬೇಕಾಗಿಲ್ಲ, ಸವೆದಿರಬೇಕಾಗಿಲ್ಲ.

ಮಂಡಿಯ ಹೊರಮಗ್ಗುಲಲ್ಲಿ, ಎದ್ದ ಮೂಳೆಯ ಮೇಲೆ ಚುಚ್ಚಿದರೆ ಅದು ಬೇರೆ. ಸೊಂಟದಿಂದ ಮಂಡಿಯ ಕೆಳಗಿನವರೆಗೆ ತೊಡೆಯ ಹೊರಭಾಗದಲ್ಲಿ ಇಳಿಯುವ ಗಟ್ಟಿ ಪಟ್ಟಿಯೊಂದಿದೆ, ಐಟಿ ಬ್ಯಾಂಡ್. ಇದರ ನೋವಿಗೆ ಗಡಿಯಾರದ ಶಿಸ್ತು: ಮೊದಲ ಮೂರು ಕಿ.ಮೀ. ಸುಮ್ಮನಿದ್ದು, ನಾಲ್ಕನೆಯದಕ್ಕೆ ಸರಿಯಾಗಿ ಹಿಡಿಯುತ್ತದೆ, ನಿಂತರೆ ಬಿಡುತ್ತದೆ. ಇಳಿಜಾರಿನಲ್ಲಿ ನಿಧಾನ ಓಡಿದಷ್ಟೂ ಹೆಚ್ಚು.

ಚಿಪ್ಪಿನ ಕೆಳತುದಿಯಲ್ಲಿ ಒಂದೇ ಬೆರಳಿನ ಜಾಗದಲ್ಲಿ ನೋವಿದ್ದು, ನೆಗೆದಾಗ, ಜೋರಾಗಿ ಓಡಿದಾಗ ಹೆಚ್ಚಾದರೆ ಚಿಪ್ಪನ್ನು ಕಾಲಿನ ಮೂಳೆಗೆ ಕಟ್ಟುವ ನರದ್ದು, ಅಂದರೆ ಟೆಂಡನ್ನಿನದು. ವಾಲಿಬಾಲ್ ಆಡುವವರನ್ನು ಕೇಳಿ, ಗೊತ್ತಿರುತ್ತದೆ. ಇದೇ ಆಸುಪಾಸಿನಲ್ಲಿ, ಇನ್ನೆರಡು ಬೆರಳು ಕೆಳಗೆ, ಬೆಳೆಯುವ ಹುಡುಗರಿಗೆ ಗಂಟಿನ ಹಾಗೆ ಉಬ್ಬಿ ನೋಯುವುದುಂಟು. ಹೈಸ್ಕೂಲು ಕ್ರೀಡಾಕೂಟದ ಸಮಯದಲ್ಲಿ ಅಪ್ಪ-ಅಮ್ಮಂದಿರು ಹೆದರಿಕೊಂಡು ಬರುವುದು ಇದಕ್ಕೇ. ಬೆಳವಣಿಗೆ ಮುಗಿದ ಹಾಗೆ ಅದು ಬಹುಮಟ್ಟಿಗೆ ತಾನೇ ಹೋಗುತ್ತದೆ. ಆಟ ಸ್ವಲ್ಪ ಕಡಿಮೆ ಮಾಡಿದರೆ ಸಾಕು.

ಒಳಮಗ್ಗುಲಲ್ಲಿ, ಎರಡು ಮೂಳೆ ಸೇರುವ ಗೆರೆಯ ಮೇಲೆ ನೋವು, ಜೊತೆಗೆ ಮಂಡಿ ಆಗಾಗ ಸಿಕ್ಕಿಕೊಂಡ ಹಾಗೆ, ಪೂರ್ತಿ ನೀಟಲು ಆಗದ ಹಾಗೆ ಇದ್ದರೆ ಒಳಗಿನ ಮೆತ್ತೆ (ಮೆನಿಸ್ಕಸ್) ಸೀಳಿರಬಹುದು. ನಲವತ್ತೈದು, ಐವತ್ತು ದಾಟಿದವರಿಗೆ ನಡೆದಾಗ ನೋವು, ಬೆಳಗ್ಗೆ ಎದ್ದಾಗ ಕಾಲು ಗಂಟೆ-ಇಪ್ಪತ್ತು ನಿಮಿಷ ಬಿಗಿತ ಇದ್ದರೆ ಸವೆತದ ಕಡೆಗೆ ಬೊಟ್ಟು.

ಕಟಕಟ ಶಬ್ದ? ನೋವಿಲ್ಲದಿದ್ದರೆ ಅದು ಬರೀ ಶಬ್ದ. ನನ್ನ ಎಡ ಮಂಡಿ ಹಳೇ ಬಾಗಿಲಿನ ಹಾಗೆ ಸದ್ದು ಮಾಡುತ್ತದೆ, ಇದುವರೆಗೆ ಒಂದು ದಿನವೂ ನೋಯಿಸಿಲ್ಲ.

ಇವಿಷ್ಟೂ ಯೋಚಿಸಿ ಆರಿಸಲು ಸಮಯ ಇರುವಂಥವು. ಸಮಯ ಇಲ್ಲದವೂ ಇವೆ. ತಿರುಚಿದಾಗ ‘ಟಪ್’ ಅಂದು ಒಂದೆರಡು ಗಂಟೆಯೊಳಗೇ ಮಂಡಿ ತೆಂಗಿನಕಾಯಿಯಷ್ಟು ಊದಿದರೆ ಒಳಗೆ ರಕ್ತ ಸೇರಿದೆ ಅಂತಲೇ ತಿಳಿಯಿರಿ. ಬಿದ್ದ ಮೇಲೆ ನಾಲ್ಕು ಹೆಜ್ಜೆ ಇಡಲು ಆಗದಿದ್ದರೆ, 90 ಡಿಗ್ರಿ ಮಡಿಸಲು ಆಗದಿದ್ದರೆ, ಚಿಪ್ಪನ್ನು ಒತ್ತಿದಾಗ ನೋವಿದ್ದರೆ, ಇಲ್ಲವೇ ಬಿದ್ದವರಿಗೆ 55 ದಾಟಿದ್ದರೆ ಎಕ್ಸ್‌ರೇ ಬೇಕೇ ಬೇಕು. ಮಂಡಿ ಕೆಂಪಗೆ ಬಿಸಿಯಾಗಿ ಊದಿ ಜ್ವರವೂ ಬಂದರೆ ಅದೇ ದಿನ ಆಸ್ಪತ್ರೆ. ಮೀನಖಂಡ ಊದಿ ನೋಯುತ್ತಿದ್ದರೂ ಅಷ್ಟೇ. ಮಕ್ಕಳಿಗೆ ರಾತ್ರಿ ನಿದ್ದೆ ಕೆಡಿಸುವ ನೋವಿದ್ದರೆ ‘ಬೆಳೆಯೋ ನೋವು’ ಅಂತ ತಳ್ಳಿಹಾಕಬೇಡಿ.

ಪೂರ್ತಿ ನಿಲ್ಲಿಸೋದಾ, ಕಡಿಮೆ ಮಾಡೋದಾ

ಮನೆಯವರ ಮೊದಲ ತೀರ್ಪು: ‘ಓಡಿ ಓಡಿ ಮಂಡಿ ಸವೆಸಿಕೊಂಡೆ, ಬಿಟ್ಟುಬಿಡು.’ ಓಟ ಮಂಡಿಯನ್ನು ಸವೆಸುತ್ತದೆ ಅನ್ನುವ ನಂಬಿಕೆ ಎಷ್ಟು ಗಟ್ಟಿ ಅಂದರೆ ಕೆಲವು ಡಾಕ್ಟರೂ ಹೇಳುತ್ತಾರೆ. 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಹವ್ಯಾಸಕ್ಕೆ ಓಡುವವರಲ್ಲಿ ಮಂಡಿ ಅಥವಾ ಸೊಂಟದ ಕೀಲಿನ ಸವೆತ ಇದ್ದದ್ದು ಶೇ. 3.5 ಮಂದಿಗೆ, ಓಡದೆ ಕೂತಿರುವವರಲ್ಲಿ ಶೇ. 10.2 ಮಂದಿಗೆ. ಪಂದ್ಯಕ್ಕೆಂದೇ ಓಡುವ ವೃತ್ತಿಪರರಲ್ಲಿ ಮಾತ್ರ ಶೇ. 13.3. ಕೆರೆ ಏರಿಯ ಮೇಲೆ ಓಡುವ ನಾವು ಯಾವ ಗುಂಪು ಅನ್ನುವುದರಲ್ಲಿ ಅನುಮಾನವಿಲ್ಲ.

ನಾನು ಆರು ವಾರ ಪೂರ್ತಿ ನಿಲ್ಲಿಸಿ ನೋಡಿದೆ. ನೋವು ಹೋಯಿತು. ಏಳನೇ ವಾರ ಹಳೆಯ ಐದು ಕಿ.ಮೀ. ಓಡಿದೆ, ನೋವು ಮಾರನೇ ದಿನವೇ ಹಾಜರು. ಆರು ವಾರದಲ್ಲಿ ಮಂಡಿ ತಣ್ಣಗಾಗಿತ್ತು, ಆದರೆ ತೊಡೆಯ ಬಲವೂ ಇಳಿದಿತ್ತು. ಅಂದರೆ ನಾನು ಮರಳಿ ಬಂದದ್ದು ಮೊದಲಿಗಿಂತ ದುರ್ಬಲ ಕಾಲಿನೊಂದಿಗೆ. ಪೂರ್ತಿ ವಿಶ್ರಾಂತಿಯ ತೊಂದರೆಯೇ ಇದು.

ಕಡಿಮೆ ಮಾಡುವ ದಾರಿ ಬೇಸರದ್ದು, ಆದರೆ ಕೆಲಸ ಮಾಡುವಂಥದ್ದು. ಓಡುವಾಗ ನೋವು 10ರಲ್ಲಿ 2-3 ದಾಟಬಾರದು, ಓಟ ಮುಗಿದ ಗಂಟೆಯೊಳಗೆ ಮೊದಲಿನ ಮಟ್ಟಕ್ಕೆ ಇಳಿಯಬೇಕು, ಮಾರನೇ ಬೆಳಗ್ಗೆ ಮೆಟ್ಟಿಲು ಇಳಿಯುವಾಗ ನಿನ್ನೆಗಿಂತ ಹೆಚ್ಚಿರಬಾರದು. ಈ ಮೂರು ಗೆರೆಯೊಳಗೆ ಎಷ್ಟು ಓಡಲು ಆಗುತ್ತದೋ ಅಷ್ಟು. ನನಗೆ ಅದು ಮೊದಲ ವಾರ ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ, ಹೀಗೆ ಒಟ್ಟು ಇಪ್ಪತ್ತು ನಿಮಿಷ. ನಾಚಿಕೆ ಆಗುತ್ತಿತ್ತು. ಪಕ್ಕದಲ್ಲಿ ಸ್ವೆಟರು, ಮಂಕಿ ಕ್ಯಾಪ್ ಹಾಕಿಕೊಂಡ ತಾತಂದಿರು ನನ್ನನ್ನು ದಾಟಿ ಹೋಗುತ್ತಿದ್ದರು.

ಇದೊಂದೇ ಸಾಕಾಗುವುದೂ ಉಂಟು. ಕೆನಡಾದಲ್ಲಿ ಚಿಪ್ಪಿನ ನೋವಿದ್ದ 69 ಓಟಗಾರರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಓಟದ ಪ್ರಮಾಣ ಹೇಗೆ ನಿಭಾಯಿಸಬೇಕು ಅಂತ ಹೇಳಿಕೊಟ್ಟರು, ಅಷ್ಟೇ. ಇನ್ನೊಂದಕ್ಕೆ ಆ ಪಾಠದ ಜೊತೆ ವ್ಯಾಯಾಮ, ಮತ್ತೊಂದಕ್ಕೆ ಅದೇ ಪಾಠದ ಜೊತೆ ಓಡುವ ಶೈಲಿಯ ತಿದ್ದುಪಡಿ. 2018ರಲ್ಲಿ ಫಲಿತಾಂಶ ಬಂತು: ಮೂರು ಗುಂಪೂ ಹೆಚ್ಚುಕಡಿಮೆ ಒಂದೇ ಸಮ ಸುಧಾರಿಸಿದ್ದವು. ಕಾಸು ಖರ್ಚಿಲ್ಲದ ಚಿಕಿತ್ಸೆ ಇದಕ್ಕಿಂತ ಬೇಕೆ? ಆದರೆ ಮೈಸೂರಿನಲ್ಲಿ ಯಾರೂ ಇದನ್ನು ಮಾರುವುದಿಲ್ಲ, ಬಹುಶಃ ಮಾರಲು ಏನೂ ಇಲ್ಲದಿರುವುದರಿಂದ.

ಓಡದ ದಿನ ಏನು? ಸೈಕಲ್ಲಾದರೆ ಸೀಟು ಸ್ವಲ್ಪ ಎತ್ತರ ಇರಲಿ, ತಗ್ಗಿನ ಸೀಟು ಚಿಪ್ಪಿನ ಶತ್ರು. ಈಜಾದರೆ ಕಪ್ಪೆ ಈಜಿನ ಒದೆತ ಮಂಡಿಯ ಒಳಮಗ್ಗುಲನ್ನು ಎಳೆಯುತ್ತದೆ, ಸದ್ಯಕ್ಕೆ ಬಿಡಿ. ಯೋಗದ ಊರಾದ್ದರಿಂದ ಒಂದು ಮಾತು: ಪದ್ಮಾಸನದಲ್ಲಿ ತಿರುಗಬೇಕಾದ್ದು ಸೊಂಟದ ಕೀಲು. ಅದು ತಿರುಗದಿದ್ದಾಗ ಪಾದ ಎಳೆದು ಕೂರಿಸಿದರೆ ಆ ತಿರುಚೆಲ್ಲ ಮಂಡಿಯ ಮೇಲೆ ಬೀಳುತ್ತದೆ.

ಬಸ್ಕಿ

ನಮ್ಮೂರಿನ ಗರಡಿಮನೆಗಳಲ್ಲಿ ಇದಕ್ಕೆ ಉತ್ತರ ಮೊದಲಿಂದಲೂ ಇದೆ. ಮಟ್ಟಿಗಿಳಿಯುವ ಪೈಲ್ವಾನರು ಬಸ್ಕಿ ಹೊಡೆಯುತ್ತಾರೆ. ನಾವು ಶಾಲೆಯಲ್ಲಿ ಮೇಷ್ಟ್ರು ಶಿಕ್ಷೆ ಕೊಟ್ಟಾಗ ಹೊಡೆದದ್ದೇ ಕೊನೆ. ಫಿಸಿಯೋ ಕೊನೆಗೆ ನನಗೆ ಹೇಳಿಕೊಟ್ಟದ್ದು ಆ ಶಿಕ್ಷೆಯ ಪಳಗಿಸಿದ ರೂಪವನ್ನೇ.

ಚಿಪ್ಪಿನ ನೋವಿಗೆ ತೊಡೆ ಮತ್ತು ಸೊಂಟದ ಸ್ನಾಯು ಎರಡಕ್ಕೂ ವ್ಯಾಯಾಮ ಮಾಡಿಸಬೇಕು ಅನ್ನುವುದರಲ್ಲಿ ತಜ್ಞರ ಮಾರ್ಗಸೂಚಿಗಳಿಗೆ ಭಿನ್ನಾಭಿಪ್ರಾಯವಿಲ್ಲ. ನಾನು ಮಾಡಿದ್ದು ಇಷ್ಟು: ಕುರ್ಚಿಯಿಂದ ಕೈ ಊರದೆ ಏಳುವುದು, ಮೆಲ್ಲಗೆ ಮೂರು ಎಣಿಸುತ್ತಾ ಕೂರುವುದು. ಮಗ್ಗುಲಾಗಿ ಮಲಗಿ ಮೇಲಿನ ಕಾಲನ್ನು ಸ್ವಲ್ಪ ಹಿಂದಕ್ಕೆ ಒತ್ತಿ ಎತ್ತುವುದು. ಅಂಗಾತ ಮಲಗಿ ಸೊಂಟ ಎತ್ತುವುದು. ಮನೆಯ ಮೊದಲ ಮೆಟ್ಟಿಲ ಮೇಲೆ ಒಂದೇ ಕಾಲಲ್ಲಿ ನಿಂತು ಇನ್ನೊಂದು ಕಾಲಿನ ಹಿಮ್ಮಡಿಯನ್ನು ನೆಲಕ್ಕೆ ತಾಗಿಸಿ ಬರುವುದು. ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಲ್ಲುವುದು. ಪ್ರತಿಯೊಂದೂ 10-12 ಸಲ, ಮೂರು ಸುತ್ತು, ವಾರಕ್ಕೆ ಮೂರು ದಿನ. ಸುಲಭವಾದಾಗ ಬೆನ್ನಿಗೆ ಮಗಳ ಸ್ಕೂಲ್ ಬ್ಯಾಗ್, ಒಳಗೆ ಐದು ಕಿಲೋ ಅಕ್ಕಿ. ಮೆಟ್ಟಿಲಿನದ್ದು ಮಾಡುವಾಗ ಕನ್ನಡಿ ಇರಲಿ. ನನ್ನ ಮಂಡಿ ಹೆಬ್ಬೆರಳಿನ ಒಳಗಡೆಗೆ ವಾಲುತ್ತಿದ್ದದ್ದು ನನಗೆ ಗೊತ್ತಾದದ್ದೇ ಬೀರುವಿನ ಕನ್ನಡಿಯಲ್ಲಿ.

ಟೆಂಡನ್ ನೋವಿನವರಿಗೆ ಲೆಕ್ಕ ಬೇರೆ. ಅದಕ್ಕೆ ನಿಧಾನ ಮತ್ತು ಭಾರ ಬೇಕು. ಮೊದಲಿಗೆ ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಂತೆ ಕೂತು 45 ಸೆಕೆಂಡ್ ಹಿಡಿಯುವುದು, ಐದು ಸಲ. ಆಮೇಲೆ ಜಿಮ್ಮಿನಲ್ಲಿ ನಿಧಾನವಾಗಿ ತೂಕ ಏರಿಸುವುದು. ಮೂರು ತಿಂಗಳಿಗಿಂತ ಮೊದಲು ತೀರ್ಪು ಬರೆಯಬೇಡಿ. ಐಟಿ ಬ್ಯಾಂಡಿನವರು ಆ ಪಟ್ಟಿಯನ್ನು ‘ಸಡಿಲ’ ಮಾಡುತ್ತೇವೆ ಅಂತ ಫೋಮ್ ರೋಲರ್ ಮೇಲೆ ಉರುಳಿ ಕಣ್ಣೀರು ಹಾಕುವುದನ್ನು ನೋಡಿದ್ದೇನೆ. ಅದು ಹಿಗ್ಗುವ ರಬ್ಬರಲ್ಲ. ಇಳಿಜಾರು ಬಿಟ್ಟು, ಸೊಂಟದ ಪಕ್ಕದ ಸ್ನಾಯು ಬಲಪಡಿಸಿಕೊಂಡರೆ ಕಣ್ಣೀರಿಲ್ಲದೆ ಕೆಲಸ ಆಗುತ್ತದೆ.

ನಾಲ್ಕನೇ ವಾರ ನನಗೆ ಏನೂ ವ್ಯತ್ಯಾಸ ಕಾಣಲಿಲ್ಲ. ಎಂಟನೇ ವಾರ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುವುದು ನಿಂತಿತ್ತು. ಹನ್ನೆರಡಕ್ಕೆ ಐದು ಕಿ.ಮೀ. ಈ ನಾಲ್ಕರಿಂದ ಎಂಟರ ನಡುವೆ ಬಹಳ ಜನ ಕೈಬಿಟ್ಟು ಇಂಜೆಕ್ಷನ್ನಿಗೆ ಹೋಗುತ್ತಾರೆ.

ಯಾರ ಹತ್ತಿರ

ಬಿದ್ದು, ತಿರುಚಿ, ಊದಿ ಬಂದ ನೋವಿಗೆ ಮೂಳೆ ಡಾಕ್ಟರೇ ಮೊದಲು. ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್, ಈ ಎರಡು ಸರ್ಕಾರಿ ಆಸ್ಪತ್ರೆಗಳಲ್ಲೂ ಮೂಳೆ ವಿಭಾಗವಿದೆ. ಕ್ಯೂ ಇರುತ್ತದೆ, ಆದರೆ ಬೇಡದ ಪರೀಕ್ಷೆ ಬರೆದು ಲಾಭ ಮಾಡುವ ಗರಜು ಅಲ್ಲಿಲ್ಲ. ಬೀಳದೆ, ಊದದೆ, ಓಟ ಹೆಚ್ಚಿದಂತೆ ಹೆಚ್ಚಾದ ನೋವಿಗೆ ಒಳ್ಳೆಯ ಫಿಸಿಯೋ ಸಾಕು ಅನ್ನುವುದು ನನ್ನ ಅನುಭವ.

‘ಒಳ್ಳೆಯ’ ಅನ್ನುವುದನ್ನು ಹೇಗೆ ಗುರುತಿಸೋದು? ನಾನು ಹೋದ ಮೊದಲ ಕಡೆ ಹತ್ತು ದಿನ ಮಲಗಿಸಿ ಮಂಡಿಗೆ ಜೆಲ್ ಸವರಿ ಅಲ್ಟ್ರಾಸೌಂಡ್ ಕೊಟ್ಟರು, ಕರೆಂಟು ಕೊಟ್ಟರು. ಒಂದು ದಿನವೂ ಎದ್ದು ಬಸ್ಕಿ ಹೊಡೆಸಿ ನೋಡಲಿಲ್ಲ. ಚಿಪ್ಪಿನ ನೋವಿಗೆ ಇಂಥ ಯಂತ್ರಗಳು ಬೇಡ ಅಂತ 2019ರ ಅಮೆರಿಕದ ಫಿಸಿಯೋಗಳ ಮಾರ್ಗಸೂಚಿಯೇ ಹೇಳುತ್ತದೆ. ಎರಡನೆಯವರು ಮೊದಲ ದಿನ ಮುಟ್ಟಲೇ ಇಲ್ಲ. ವಾರಕ್ಕೆ ಎಷ್ಟು ಓಡುತ್ತೀರಿ, ಯಾವಾಗ ಏರಿಸಿದಿರಿ, ಎಷ್ಟು ಗಂಟೆ ಕೂರುತ್ತೀರಿ ಅಂತ ಅರ್ಧ ಗಂಟೆ ಕೇಳಿದರು. ಒಂದೇ ಕಾಲಲ್ಲಿ ಇಳಿಸಿ ನೋಡಿದರು, ವ್ಯಾಯಾಮ ಬರೆದುಕೊಟ್ಟು ಎರಡು ವಾರ ಬಿಟ್ಟು ಬನ್ನಿ ಅಂದರು. ನಿಮ್ಮನ್ನು ದಿನಾ ಬರಲು ಹೇಳುವವರಿಗಿಂತ ಮನೆಗೆ ಕೆಲಸ ಕೊಟ್ಟು ಕಳಿಸುವವರು ವಾಸಿ.

ಆಯುರ್ವೇದದ ಬಗ್ಗೆ ನಮ್ಮ ಮನೆಯಲ್ಲಿ ಎರಡು ಪಕ್ಷ. ಸರ್ಕಾರಿ ಆಯುರ್ವೇದ ಕಾಲೇಜು ಊರಿನಲ್ಲೇ ಇದೆ. ಅತ್ತೆ ಜಾನು ಬಸ್ತಿ ಮಾಡಿಸಿಕೊಂಡರು. ಮಂಡಿಯ ಸುತ್ತ ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ ಬೆಚ್ಚಗಿನ ತೈಲ ನಿಲ್ಲಿಸುತ್ತಾರೆ. ಬಿಗಿತ ಕಡಿಮೆಯಾಯಿತು, ನಿದ್ದೆ ಬಂತು. ಸವೆತದ ಹಳೇ ನೋವಿಗೆ ಆ ಬಿಸಿ, ಆ ಆರೈಕೆ ಹಿತ ಅನ್ನುವುದನ್ನು ನಾನೂ ಒಪ್ಪುತ್ತೇನೆ, ಜೊತೆಗೆ ವ್ಯಾಯಾಮ ಇರುವವರೆಗೆ. ತೊಡೆಗೆ ಬಲ ತುಂಬುವ ತೈಲ ಮಾತ್ರ ಇನ್ನೂ ಯಾರೂ ಕಾಯಿಸಿಲ್ಲ. ಹೆಸರಿಲ್ಲದ, ಚೀಟಿ ಇಲ್ಲದ ಪುಡಿ-ಗುಳಿಗೆಗಳ ವಿಷಯ ಬೇರೆ. ಎರಡೇ ದಿನದಲ್ಲಿ ‘ಮ್ಯಾಜಿಕ್’ ಆದರೆ ಸ್ಟೀರಾಯ್ಡ್ ಬೆರೆತಿರಬಹುದು ಅಂತ ಅನುಮಾನಿಸಿ. ಹೀಗೆ ಬೆರೆತದ್ದು ಸಿಕ್ಕಿಬಿದ್ದ ಉದಾಹರಣೆಗಳು ಇವೆ.

ಇನ್ನು ಎಳೆದು ನೀವಿ ಕಟ್ಟು ಕಟ್ಟುವ ನಾಟಿ ಪದ್ಧತಿ. ಹೊಸದಾಗಿ ತಿರುಚಿ ಊದಿದ ಮಂಡಿಯನ್ನು ಎಳೆಯಲು ಯಾರಿಗೂ ಬಿಡಬೇಡಿ. ಅಕ್ಕನ ಮಗನಿಗೆ ಮೊದಲು ಆದದ್ದು ಅದೇ. ಹತ್ತು ದಿನ ಕಟ್ಟಿನೊಳಗೆ ಮಂಡಿ ಬಿಗಿದು, ಕೊನೆಗೆ ಆಸ್ಪತ್ರೆಗೆ ಹೋದಾಗ ಅದು ಅರ್ಧವೂ ಮಡಿಯುತ್ತಿರಲಿಲ್ಲ.

ಸ್ಕ್ಯಾನಿಂಗ್ ಎಂಬ ಭಯ

ಎಕ್ಸ್‌ರೇ ಅಗ್ಗ, ಮೂಳೆ ತೋರಿಸುತ್ತದೆ. ಸವೆತ ನೋಡಲು ನಿಂತುಕೊಂಡೇ ತೆಗೆಸಬೇಕು, ಮಲಗಿ ತೆಗೆಸಿದರೆ ಕೀಲಿನ ನಡುವಿನ ಅಂತರ ಸರಿಯಾಗಿ ಕಾಣುವುದಿಲ್ಲ. ಎಂಆರ್‌ಐ ಸಾವಿರಗಟ್ಟಲೆ, ಎಲ್ಲವನ್ನೂ ತೋರಿಸುತ್ತದೆ. ಎಲ್ಲವನ್ನೂ ತೋರಿಸುವುದೇ ಅದರ ಕಷ್ಟ.

ನನ್ನ ವರದಿಯಲ್ಲಿ ‘ಗ್ರೇಡ್ ಎರಡು’ ಅಂತ ಏನೋ ಬರೆದಿತ್ತು. ರಾತ್ರಿಯೆಲ್ಲ ಮೊಬೈಲ್ ಹಿಡಿದು ಕೂತಿದ್ದೆ. ಆಮೇಲೆ ತಿಳಿದದ್ದು: ಅಮೆರಿಕದ ಫ್ರೇಮಿಂಗ್‌ಹ್ಯಾಮಿನಲ್ಲಿ 50 ದಾಟಿದ, ಎಕ್ಸ್‌ರೇಯಲ್ಲಿ ಸವೆತವೇ ಕಾಣದ 710 ಮಂದಿಯ ಮಂಡಿಗೆ ಎಂಆರ್‌ಐ ಮಾಡಿ 2012ರಲ್ಲಿ ಪ್ರಕಟಿಸಿದರು. ಶೇ. 89 ಮಂದಿಯಲ್ಲಿ ಏನಾದರೊಂದು ದೋಷ ಸಿಕ್ಕಿತ್ತು, ನೋವಿದ್ದವರಲ್ಲೂ ಇಲ್ಲದವರಲ್ಲೂ. ತಲೆಗೂದಲು ನರೆಯುವ ಹಾಗೆ ಮಂಡಿಯೊಳಗೂ ನರೆ ಬರುತ್ತದೆ. ಹಾಗಾಗಿ ಎಂಆರ್‌ಐ ಬರೆದುಕೊಟ್ಟಾಗ ಒಂದು ಪ್ರಶ್ನೆ ಕೇಳಿ: ‘ಇದರಲ್ಲಿ ಏನು ಬಂದರೆ ನೀವು ಚಿಕಿತ್ಸೆ ಬದಲಾಯಿಸ್ತೀರಿ ಡಾಕ್ಟ್ರೆ?’ ನನ್ನ ನೋವಿಗೆ ಅದರ ಉತ್ತರ ‘ಏನೂ ಇಲ್ಲ’ ಆಗಿತ್ತು. ಅಕ್ಕನ ಮಗನಿಗೆ ‘ಲಿಗಮೆಂಟ್ (ಮೂಳೆಗೆ ಮೂಳೆ ಕಟ್ಟುವ ಪಟ್ಟಿ) ಹರಿದಿದ್ರೆ ದಾರಿನೇ ಬೇರೆ’ ಅನ್ನುವ ಉತ್ತರ ಬಂತು. ಅವನಿಗೆ ಅದು ಬೇಕಿತ್ತು, ನನಗೆ ಬೇಕಿರಲಿಲ್ಲ.

ಚಿಲ್ಲರೆ ಖರ್ಚುಗಳು

ನೋವಿನ ಮಾತ್ರೆ ನಾಲ್ಕೈದು ದಿನಕ್ಕೆ ಸರಿ, ಓಡಲು ಹೋಗುವ ಮುಂಚೆ ನುಂಗುವುದು ತಪ್ಪು. ನೋವು ಮುಚ್ಚಿ ಓಡಿದರೆ ಮೇಲೆ ಹೇಳಿದ ಮೂರು ಗೆರೆ ಕಾಣುವುದಿಲ್ಲ. ಬಿಪಿ, ಸಕ್ಕರೆ, ಕಿಡ್ನಿ, ಹೊಟ್ಟೆಹುಣ್ಣು ಇರುವವರು ಮೆಡಿಕಲ್ ಶಾಪಿನಲ್ಲಿ ಕೇಳಿ ತಗೊಳ್ಳಲೇಬಾರದು. ಡೈಕ್ಲೋಫೆನಾಕ್ ಮುಲಾಮು ಹಚ್ಚುವುದು ಮಾತ್ರೆಗಿಂತ ಸುರಕ್ಷಿತ, ಅತ್ತೆಯಂಥವರ ಸವೆತದ ನೋವಿಗೆ ಕೆಲಸವೂ ಮಾಡುತ್ತದೆ. ಐಸೋ ಬಿಸಿಯೋ ಅಂದರೆ ಹೊಸ ಊತಕ್ಕೆ ಐಸು, ಹಳೇ ಬಿಗಿತಕ್ಕೆ ಬಿಸಿ, ಎರಡೂ ಬರೀ ಹಿತಕ್ಕೆ.

ನೀ ಕ್ಯಾಪ್ ಧೈರ್ಯ ಕೊಡುತ್ತದೆ, ಬಲ ಕೊಡುವುದಿಲ್ಲ. ಚಿಪ್ಪಿಗೆ ಟೇಪ್ ಹಾಕಿಸಿದರೆ ಮೊದಲ ಕೆಲವು ವಾರ ವ್ಯಾಯಾಮ ಮಾಡುವಷ್ಟು ನೋವು ತಗ್ಗಬಹುದು. ಶೂ ವಿಷಯದಲ್ಲಿ ನಾನು ಮೋಸ ಹೋದೆ ಅನ್ನಲಾರೆ, ನನ್ನ ಆಸೆಯೇ ಮೋಸ ಮಾಡಿತು. ಹಾಕಿ ನಡೆದಾಗ ಹಿತ ಅನ್ನಿಸಿದ್ದು, ತೀರಾ ಸವೆಯದ್ದು ಇದ್ದರೆ ಸಾಕು. ಅದಕ್ಕಿಂತ ಹೆಚ್ಚು ಲಾಭ ಬಂದದ್ದು ಹೆಜ್ಜೆಯಿಂದ. ನಿಮಿಷಕ್ಕೆ ಎಷ್ಟು ಹೆಜ್ಜೆ ಅಂತ ಎಣಿಸಿ, ಅದೇ ವೇಗದಲ್ಲಿ 5ರಿಂದ 10 ಪರ್ಸೆಂಟ್ ಹೆಚ್ಚಿಸಿದರೆ ಹೆಜ್ಜೆ ಗಿಡ್ಡವಾಗಿ ಮಂಡಿಯ ಮೇಲಿನ ಹೊರೆ ಇಳಿಯುತ್ತದೆ. ನಾನು 158 ಇದ್ದದ್ದನ್ನು 168 ಮಾಡಿದೆ.

ಇಂಜೆಕ್ಷನ್, ಆಪರೇಷನ್

ಇಲ್ಲಿಂದ ಮುಂದೆ ಅತ್ತೆಯ ಮತ್ತು ಹುಡುಗನ ಕಥೆ. ಓಟಗಾರನ ಚಿಪ್ಪಿನ ನೋವಿಗೆ ಇವೆರಡರ ಅಗತ್ಯ ಬೀಳುವುದು ಅಪರೂಪ.

ಅತ್ತೆಗೆ ಮೊದಲು ಹೇಳಿದ್ದು ಸ್ಟೀರಾಯ್ಡ್ ಇಂಜೆಕ್ಷನ್. ಒಂದು ಮದುವೆ ಸೀಸನ್ ದಾಟಿಸಲು ಅದು ಸಾಕು, ಕೆಲವು ವಾರ ನಿಜವಾಗಿ ಹಾಯೆನಿಸುತ್ತದೆ. ಆದರೆ ಮೂರು ತಿಂಗಳಿಗೊಂದರಂತೆ ಎರಡು ವರ್ಷ ಕೊಟ್ಟು ನೋಡಿದ 2017ರ ಅಮೆರಿಕದ ಪ್ರಯೋಗದಲ್ಲಿ ಬರೀ ಉಪ್ಪುನೀರು ಚುಚ್ಚಿಸಿಕೊಂಡವರಿಗಿಂತ ನೋವೇನೂ ಕಡಿಮೆಯಾಗಲಿಲ್ಲ, ಮೃದ್ವಸ್ಥಿ (ಕೀಲಿನಲ್ಲಿ ಮೂಳೆ ತುದಿಯ ನುಣುಪು ಹೊದಿಕೆ) ಮಾತ್ರ ಹೆಚ್ಚು ಸವೆದಿತ್ತು. 2020ರಲ್ಲಿ 156 ಮಂದಿಯಲ್ಲಿ ಇಂಜೆಕ್ಷನ್ನನ್ನೂ ಫಿಸಿಯೋಥೆರಪಿಯನ್ನೂ ಮುಖಾಮುಖಿ ಹೋಲಿಸಿದಾಗ ವರ್ಷದ ಕೊನೆಗೆ ಗೆದ್ದದ್ದು ಫಿಸಿಯೋಥೆರಪಿ. ನಮ್ಮದೇ ರಕ್ತ ತೆಗೆದು, ತಿರುಗಿಸಿ, ಮಂಡಿಗೇ ಚುಚ್ಚುವ ಪಿಆರ್‌ಪಿ ಈಗಿನ ಫ್ಯಾಷನ್. ಆಸ್ಟ್ರೇಲಿಯಾದಲ್ಲಿ 288 ಮಂದಿಯ ಮೇಲೆ ನಡೆದು 2021ರಲ್ಲಿ ಬಂದ ಫಲಿತಾಂಶದ ಪ್ರಕಾರ ಒಂದು ವರ್ಷದ ನಂತರ ಅದಕ್ಕೂ ಉಪ್ಪುನೀರಿಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಬೆಲೆಯಲ್ಲಿ ಮಾತ್ರ ವ್ಯತ್ಯಾಸ ಬಹಳ.

ಅತ್ತೆ ಒಂದು ಇಂಜೆಕ್ಷನ್ ತಗೊಂಡರು. ನಾನು ಬೇಡ ಅನ್ನಲಿಲ್ಲ, ಆ ನೋವಿಲ್ಲದ ಆರು ವಾರದಲ್ಲಿ ಕುರ್ಚಿಯಿಂದ ಎದ್ದು ಕೂರುವುದನ್ನು ಶುರು ಮಾಡಿಸಿದೆ. ಆರು ಕಿಲೋ ಇಳಿಸಿದರು. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ನಾಲ್ಕು ಕಿಲೋ ಭಾರ ಕಡಿಮೆ ಅಂತ ಹೇಳಿದ್ದು ಅವರಿಗೆ ಯಾವ ಔಷಧಕ್ಕಿಂತ ಹೆಚ್ಚು ನಾಟಿತು, ಜೀವಮಾನವೆಲ್ಲ ಚೀಟಿ ಲೆಕ್ಕ ಇಟ್ಟವರು. ‘ಗ್ರೀಸ್’ ಹಾಕಿಸುವ ಜೆಲ್ ಇಂಜೆಕ್ಷನ್ ಬಿಟ್ಟರು. ಕೀಲು ಬದಲಾಯಿಸುವ ಆಪರೇಷನ್ ಒಳ್ಳೆಯದೇ, ಆದರೆ ಅದು ರಾತ್ರಿ ನಿದ್ದೆ, ಹಗಲು ನಡಿಗೆ ಎರಡೂ ಹೋದ ಮೇಲಿನ ಮಾತು. ಅತ್ತೆ ಅಲ್ಲಿಗೆ ಇನ್ನೂ ತಲುಪಿಲ್ಲ.

ತೂತು ಮಾಡಿ ಕ್ಯಾಮೆರಾ ಬಿಟ್ಟು ‘ಒಳಗೆ ಕ್ಲೀನ್ ಮಾಡ್ತೀವಿ’ ಅನ್ನುವ ಆಪರೇಷನ್ನನ್ನು ವಯಸ್ಸಿಗೆ ಸಹಜವಾದ ಮೆನಿಸ್ಕಸ್ ಸೀಳಿಗೆ, ಸವೆತಕ್ಕೆ ಒಪ್ಪಿಕೊಳ್ಳುವ ಮೊದಲು ಎರಡು ಸಲ ಯೋಚಿಸಿ. ಫಿನ್ಲೆಂಡಿನಲ್ಲಿ 146 ಮಂದಿಗೆ, ಯಾರಿಗೆ ಯಾವುದು ಅಂತ ತಿಳಿಸದೆ, ಕೆಲವರಿಗೆ ಮೆನಿಸ್ಕಸ್ ಕತ್ತರಿಸಿ, ಉಳಿದವರಿಗೆ ಆಪರೇಷನ್ ಮಾಡಿದ ಹಾಗೆ ನಟಿಸಿದರು. 2013ರಲ್ಲಿ ಫಲಿತಾಂಶ: ಒಂದು ವರ್ಷದ ನಂತರ ಎರಡೂ ಗುಂಪು ಒಂದೇ. 2017ರಲ್ಲಿ ಅಂತಾರಾಷ್ಟ್ರೀಯ ತಜ್ಞರ ತಂಡವೊಂದು ಸವೆತದ ಮಂಡಿಗೆ ಇದು ಬಹುತೇಕ ಯಾರಿಗೂ ಬೇಡ ಅಂತ ಗಟ್ಟಿಯಾಗಿಯೇ ಹೇಳಿತು. ಮಂಡಿ ನಿಜವಾಗಿ ಸಿಕ್ಕಿಕೊಂಡು ನೀಟಲೇ ಆಗದ ಎಳೆಯರ ಮಾತು ಬೇರೆ.

ಹುಡುಗನದು ಎಸಿಎಲ್, ಅಂದರೆ ಮಂಡಿಯೊಳಗಿನ ಮುಖ್ಯ ಲಿಗಮೆಂಟ್, ಪೂರ್ತಿ ಹರಿದಿತ್ತು. ವಯಸ್ಸು 22. ಮನೆಯವರು ನಾಳೆಯೇ ಆಪರೇಷನ್ ಅಂತ ಹೊರಟರು. ಸ್ವೀಡನ್ನಿನಲ್ಲಿ ಹೀಗೇ ಹರಿದುಕೊಂಡ 121 ಎಳೆಯರಲ್ಲಿ ಅರ್ಧದಷ್ಟು ಜನರಿಗೆ ಬೇಗ ಆಪರೇಷನ್, ಉಳಿದವರಿಗೆ ಮೊದಲು ವ್ಯಾಯಾಮ, ಬೇಕಾದರೆ ಮಾತ್ರ ಆಮೇಲೆ ಆಪರೇಷನ್ ಮಾಡಿ ನೋಡಿದರು. ಎರಡು ವರ್ಷದಲ್ಲಿ ಎರಡೂ ಗುಂಪು ಸಮ. ವ್ಯಾಯಾಮದ ಗುಂಪಿನಲ್ಲಿ ಐದು ವರ್ಷವಾದರೂ ಅರ್ಧದಷ್ಟು ಮಂದಿಗೆ ಆಪರೇಷನ್ ಬೇಕಾಗಲಿಲ್ಲ. ನೇರ ನಡೆದು ಆಫೀಸಿಗೆ ಹೋಗುವವನಿಗೆ, ಸೈಕಲ್ ತುಳಿಯುವವನಿಗೆ ಇದು ದೊಡ್ಡ ಸಮಾಧಾನ. ನಮ್ಮವನಿಗೆ ಬೇಕಾದದ್ದು ಕಬಡ್ಡಿ. ರೈಡ್ ಹೋಗಿ ಗಕ್ಕನೆ ತಿರುಗಬೇಕು, ಆಗ ಮಂಡಿ ಜಾರುತ್ತಿತ್ತು. ಮೂರು ತಿಂಗಳು ಫಿಸಿಯೋ ಮಾಡಿಸಿ ಮಂಡಿ ಪೂರ್ತಿ ನೀಟುವ, ಮಡಿಸುವ ಹಾಗೆ ಆದ ಮೇಲೆ ಮೈಸೂರಿನಲ್ಲಿ ಆಪರೇಷನ್ ಮಾಡಿಸಿದೆವು. ಬಿಗಿದ ಮಂಡಿಗೆ ಆತುರದಲ್ಲಿ ಮಾಡಿದರೆ ಆಮೇಲೆ ಬಿಗಿತವೇ ಉಳಿಯುತ್ತದೆ ಅಂತ ಡಾಕ್ಟರೇ ಕಾಯಿಸಿದರು. ಒಂಬತ್ತು ತಿಂಗಳ ಮೊದಲು ಅಂಕಣಕ್ಕೆ ಇಳಿಯಬೇಡ ಅಂದಿದ್ದಾರೆ. ಏಳನೇ ತಿಂಗಳಿಗೇ ಗೆಳೆಯರು ‘ಬರೀ ಒಂದು ರೈಡ್ ಕಣ್ಲಾ’ ಅಂತ ಕರೆಯುತ್ತಿದ್ದಾರೆ, ಅಕ್ಕ ಬೈಕಿನ ಕೀ ಬಚ್ಚಿಟ್ಟಿದ್ದಾಳೆ.

ಮತ್ತೆ ಓಡುವಾಗ, ಎಲ್ಲಿ

ಕುಕ್ಕರಹಳ್ಳಿ ಕೆರೆಯ ಮಣ್ಣುಹಾದಿ ಸಮತಟ್ಟು, ನೆರಳು, ನಾಲ್ಕು ಕಿ.ಮೀ.ಗೂ ಮೇಲಿದೆ. ಚಿಪ್ಪಿನ ನೋವಿನಿಂದ ಎದ್ದು ಬರುವವರಿಗೆ ಇದೇ ಮೊದಲ ಆಯ್ಕೆ. ಒಂದೇ ದಿಕ್ಕಿಗೆ ಸುತ್ತಬೇಡಿ ಅನ್ನುವುದಷ್ಟೇ ನನ್ನ ಎಚ್ಚರಿಕೆ. ಮಂಡ್ಯದವರಿಗೆ ವಿಶ್ವೇಶ್ವರಯ್ಯ ನಾಲೆಯ ಏರಿ ಇದೆ, ಸಮತಟ್ಟು, ಗಾಳಿ. ಕಬ್ಬಿನ ಗಾಡಿ ಓಡಾಡುವ ಕಾಲದಲ್ಲಿ ಹಳ್ಳ ಬಿದ್ದಿರುತ್ತದೆ, ಕಾಲು ಉಳುಕೀತು. ಡಾಂಬರು ರಸ್ತೆಯಾದರೆ ಅಂಚಿನಲ್ಲಿ ಓಡಬೇಡಿ. ಅಂಚು ವಾಲಿರುತ್ತದೆ, ಐಟಿ ಬ್ಯಾಂಡಿನವರಿಗೆ ಅದು ಮಹಾ ಕಷ್ಟ.

ಬೆಟ್ಟ ಕಡೆಗೆ. ಜರ್ಮನಿಯಲ್ಲಿ ಕೃತಕ ಕೀಲಿನೊಳಗೇ ಅಳೆಯುವ ಸಾಧನ ಇಟ್ಟು ನೋಡಿದಾಗ ಸಮತಟ್ಟಿನಲ್ಲಿ ನಡೆಯುವಾಗ ಮಂಡಿಯ ಮೇಲೆ ಮೈತೂಕದ ಸುಮಾರು 2.6 ಪಟ್ಟು, ಮೆಟ್ಟಿಲು ಹತ್ತುವಾಗ 3.2, ಇಳಿಯುವಾಗ 3.5 ಪಟ್ಟು ಹೊರೆ ಬಿತ್ತು. ಸಾವಿರ ಮೆಟ್ಟಿಲಿಗೆ ಗುಣಿಸಿಕೊಳ್ಳಿ. ನಾನು ಮೊದಲ ಮೂರು ತಿಂಗಳು ಹತ್ತಿದೆ, ಇಳಿಯಲಿಲ್ಲ. ದರ್ಶನ ಮುಗಿಸಿ, ಕಡಲೆಪುರಿ ತಿಂದು, ಸಿಟಿ ಬಸ್ಸು 201 ಹತ್ತುತ್ತಿದ್ದೆ. ಆಮೇಲೆ ನಂದಿಯವರೆಗೆ ಮಾತ್ರ ಹತ್ತಿ ಅಲ್ಲಿಂದ ಇಳಿಯುವುದನ್ನು ಶುರು ಮಾಡಿದೆ, ತುದಿಗಾಲು ಮೊದಲು ಊರಿ, ಸಣ್ಣ ಹೆಜ್ಜೆ. ಪೂರ್ತಿ ಇಳಿದದ್ದು ಹೋದ ಆಷಾಢ ಮುಗಿದ ಮೇಲೆ. ಮಾರನೇ ದಿನ ತೊಡೆ ಹಿಡಿದುಕೊಂಡಿತ್ತು, ಮಂಡಿ ಸುಮ್ಮನಿತ್ತು.